ಬೇಸಿಗೆ ಉತ್ಸವಕ್ಕೆ ಲೋಟದ ಏರ್ಪಾಟು

ಮೇ ತಿಂಗಳ ಸಂಗೀತ-ಕಲಾ ಉತ್ಸವ ನಾವೇ ಸೇರಿ ಮಾಡೋದು ಅಲ್ವಾ, ಲೋಟದ ವಿಷಯ ಈಗಲೇ ತೀರ್ಮಾನಿಸಿ. ಬಿಸಿಲಲ್ಲಿ ಕಸ ಜಾಸ್ತಿ ಆಗೋದು ನೀರು, ಮಜ್ಜಿಗೆಯಿಂದಲೇ. ಪ್ಲಾಸ್ಟಿಕ್ ಲೋಟ, ತಟ್ಟೆಗೆ 2022ರ ಜುಲೈನಿಂದ ದೇಶದಲ್ಲೆಲ್ಲ ನಿಷೇಧವಿದೆ. ಹಾಗಂತ ಪೇಪರ್ ಕಪ್ ತರಬೇಡಿ. ಸಾಮಾನ್ಯವಾಗಿ ಅದರೊಳಗೂ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ.

ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವರ ಹತ್ತಿರ ಸ್ಟೀಲ್ ಲೋಟ ಸಿಗುತ್ತದೆ. ಲೋಟಕ್ಕೆ 10 ರೂಪಾಯಿ ಇಸ್ಕೊಳ್ಳಿ, ಮರಳಿಸಿದಾಗ ವಾಪಸ್ ಕೊಡಿ. ಯಾರೋ ಬಿಟ್ಟುಹೋದ ಲೋಟವನ್ನೂ ಮಕ್ಕಳು ಹುಡುಕಿ ತಂದಾರು! ತೊಳೆಯೋ ಜಾಗ ನಲ್ಲಿ ಪಕ್ಕವೇ ಇರಲಿ. ಊಟಕ್ಕೆ ಅಡಿಕೆ ಹಾಳೆ ತಟ್ಟೆ. ಆಮೇಲೆ ಹರಿದು ಗೊಬ್ಬರದ ಗುಂಡಿಗೆ ಹಾಕಿದರೆ ಬೇಗ ಕೊಳೆಯುತ್ತದೆ.

ಇನ್ನೊಂದು, ರಾತ್ರಿ 10ರ ನಂತರ ಬಯಲಲ್ಲಿ ಸಾಮಾನ್ಯವಾಗಿ ಮೈಕ್ ಹಾಕುವಂತಿಲ್ಲ. ಸಂಗೀತ ಕಛೇರಿ ಸಂಜೆ 6ಕ್ಕೇ ಶುರುಮಾಡಿ.