ತಕ್ಕಡಿಯ ಅಂಕಿ ನಿಲ್ಲುವವರೆಗೆ: ಕಿರಾಣಿ ಅಂಗಡಿಯಲ್ಲಿ ನನ್ನ ಅನುಭವ

"ಅಂಗಡಿಯವನು ಮೆತ್ತಗಾದರೆ ಉದ್ರಿ ಮುಳುಗುತ್ತೆ ನೋಡು" ಅಂತ ನಮ್ಮ ಭಾವ ಹೇಳಿದ್ದರು. ಪಕ್ಕದ ಅಂಗಡಿಯವರೂ ಅದೇ ಮಾತು ಹೇಳಿದರು. ಜೊತೆಯಲ್ಲಿ ಧ್ಯಾನಕ್ಕೆ ಕೂತಿದ್ದ ಗೆಳೆಯರೋ, "ಕೂರದೇ ಇದ್ದರೆ ಅದು ಸಾಧನೆಯೇ ಅಲ್ಲ" ಅಂದರು. ಗಂಟೆಗಟ್ಟಲೆ ಕೂರುವುದನ್ನು ಬಿಟ್ಟು, ವ್ಯಾಪಾರದ ನಡುವೆಯೇ ಉಸಿರು ನೋಡಿ ಸಿಟ್ಟು ಇಳಿಸೋಕೆ ಹೊರಟು ಐದು ವರ್ಷದ ಮೇಲಾಯ್ತು. ಅಂಗಡಿಯೂ ನಡೀತಿದೆ, ನನ್ನ ಸಿಟ್ಟೂ ಇಳಿದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನನ್ನದು ಸಣ್ಣ ಕಿರಾಣಿ ಅಂಗಡಿ. 2019ರಲ್ಲಿ ಬೆಂಗಳೂರು ಹೊರಗಿನ ಆಲೂರಿನ ಧಮ್ಮ ಪಫುಲ್ಲ ಧ್ಯಾನ ಕೇಂದ್ರದಲ್ಲಿ ಹತ್ತು ದಿನದ ವಿಪಶ್ಯನ ಧ್ಯಾನದ ಶಿಬಿರ ಮುಗಿಸಿದೆ. ನಸುಕಿನ ನಾಲ್ಕರ ಗಂಟೆ, ಮೌನ, ಮೊದಲ ಮೂರು ದಿನ ಉಸಿರನ್ನೇ ಗಮನಿಸುವ ಆನಾಪಾನ, ಕೊನೆಗೆ ಎಲ್ಲರಿಗೂ ಒಳಿತು ಬಯಸುವ ಮೈತ್ರಿ ಧ್ಯಾನ, ಇದೆಲ್ಲ ಕೂತು ಬಂದವರಿಗೆ ಗೊತ್ತೇ ಇದೆ. ಅಲ್ಲಿ ಫೀಸಿಲ್ಲ. ಆದರೆ ಹೋಗಿ ಬರುವುದು ಸೇರಿ ಹನ್ನೆರಡು ದಿನ ಅಂಗಡಿ ಬಾಗಿಲು ಹಾಕಿದ್ದಕ್ಕೆ ಹನ್ನೆರಡು ಸಾವಿರದಷ್ಟು ಕೈಬಿಟ್ಟಿತು. ಬಂದ ಮೂರನೇ ದಿನವೇ, ಒಂದು ಶಾಂಪೂ ಪೊಟ್ಟಣಕ್ಕೆ 500ರ ನೋಟು ಚಾಚಿದ ಹೆಣ್ಣುಮಗಳ ಮೇಲೆ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಅವರು ನೋಟು ಮಡಚಿಕೊಂಡು ಸುಮ್ನೆ ಇಳಿದು ಹೋದರು. ಮತ್ತೆ ಬರಲಿಲ್ಲ.

ಶಿಬಿರ ಮುಗಿಸಿದವರು ಮನೆಯಲ್ಲೂ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಧ್ಯಾನಕ್ಕೆ ಕೂರಬೇಕು ಅನ್ನುತ್ತಾರೆ. ನಮಗೆ ಹಾಲಿನ ಕ್ರೇಟು ಐದಕ್ಕೇ ಬರುತ್ತೆ, ಸಂಜೆ ಆರರಿಂದ ಎಂಟು ವ್ಯಾಪಾರದ ಹೊತ್ತು. ಮೂರೂವರೆಗೆ ಎದ್ದು ಕೂತೆ. ಎರಡು ತಿಂಗಳು ನಡೆಯಿತು. ಮಧ್ಯಾಹ್ನ ಗಲ್ಲಾ ಮುಂದೆ ತೂಕಡಿಸಿ ಎರಡು ಸಲ ಇನ್ನೂರು ರೂಪಾಯಿ ಚಿಲ್ಲರೆ ಜಾಸ್ತಿ ಕೊಟ್ಟು ಬಿಟ್ಟೆ. ಆಮೇಲೆ ಉಸಿರು ನೆನಪಾಗಲಿ ಅಂತ ಫೋನಿನಲ್ಲಿ ಗಂಟೆಗೊಮ್ಮೆ ಗಂಟೆ ಬಾರಿಸುವಂತೆ ಇಟ್ಟೆ. ಅದು ಬಾರಿಸಿದಾಗೆಲ್ಲ ಎದುರಿಗೆ ನಾಲ್ಕು ಜನ ನಿಂತಿರುತ್ತಿದ್ದರು. ಅದನ್ನೂ ತೆಗೆದೆ.

ಮೂರನೆಯ ಪ್ರಯತ್ನ ದಂಡದ ಡಬ್ಬಿ. ಯಾರ ಮೇಲಾದರೂ ರೇಗಿದರೆ ಹತ್ತು ರೂಪಾಯಿ ಹಾಕಬೇಕು. ಮೊದಲ ತಿಂಗಳು ಮುನ್ನೂರು ಚಿಲ್ಲರೆ ಬಿತ್ತು. ಎರಡನೇ ತಿಂಗಳು ಐನೂರು ದಾಟಿತು. ಹತ್ತು ರೂಪಾಯಿ ಕೊಟ್ಟರೆ ಬೈಯಬಹುದು ಅಂತ ಮನಸ್ಸು ಲೆಕ್ಕ ಹಾಕಿಬಿಟ್ಟಿತ್ತು. ದಂಡ ಕಟ್ಟಿಕೊಂಡು ಬದಲಾಗಬೇಕು ಅಂದುಕೊಂಡವರು ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಗೆ ದಾರಿ ಸಿಕ್ಕಿದ್ದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ತೊಗರಿಬೇಳೆ ಸುರಿದರೆ ಅಂಕಿ ತಕ್ಷಣ ನಿಲ್ಲಲ್ಲ. 490, 505, 500 ಅಂತ ತೊನೆದು ಆಮೇಲೆ ನಿಲ್ಲುತ್ತೆ. ಮೊದಲೆಲ್ಲ ಅದು ನಿಲ್ಲುವ ಮುಂಚೆಯೇ ಕವರ್ ಎಳೆಯುತ್ತಿದ್ದೆ, ಬಾಯಲ್ಲಿ "ಬೇಗ ಹೇಳಿ, ಇನ್ನೇನು?" ಅನ್ನುತ್ತಿದ್ದೆ. ಒಂದು ದಿನ ಕೈ ಹಿಂದಕ್ಕೆ ತೆಗೆದು, ಅಂಕಿ ನಿಲ್ಲುವವರೆಗೆ ಮೂಗಿನ ತುದಿಯ ಉಸಿರು ಮಾತ್ರ ನೋಡಿದೆ. ಒಂದು ಉಸಿರು, ಅಷ್ಟೇ. ಅಂಕಿ ನಿಂತ ಮೇಲೆ ತಲೆಯೆತ್ತಿ ಗಿರಾಕಿಯ ಮುಖ ನೋಡಿ ಬೆಲೆ ಹೇಳಿದೆ. ದಿನಕ್ಕೆ ನೂರೈವತ್ತು ಸಲವಾದರೂ ತೂಗುತ್ತೇನೆ. ಅಂದರೆ ನೂರೈವತ್ತು ಉಸಿರು, ಒಂದು ನಿಮಿಷವನ್ನೂ ಬೇರೆ ತೆಗೆದಿಡದೆ. ಮೂರು ವಾರದಲ್ಲಿ ಫರಕು ಮನೆಯವಳಿಗೇ ಮೊದಲು ಗೊತ್ತಾಯಿತು.

ಇನ್ನು ಉದ್ರಿ. 2019ರ ಕೊನೆಗೆ ಪುಸ್ತಕದಲ್ಲಿ ಎಪ್ಪತ್ತು ಸಾವಿರದ ಮೇಲಿತ್ತು, ನಲವತ್ತು ಮನೆಗಳದ್ದು. ನಾಲ್ಕು ಜನರ ಮುಂದೆ ಬಾಕಿ ಕೇಳುವುದನ್ನು ಪೂರ್ತಿ ನಿಲ್ಲಿಸಿದೆ. ಮಧ್ಯಾಹ್ನ ಎರಡರಿಂದ ಮೂರು, ಅಂಗಡಿ ಖಾಲಿ ಇರುವಾಗ ಫೋನ್ ಮಾಡುತ್ತೇನೆ. ಡಯಲ್ ಮಾಡುವ ಮುಂಚೆ ಆ ಮನೆಯವರು ಚೆನ್ನಾಗಿರಲಿ ಅಂತ ಮನಸ್ಸಿನಲ್ಲಿ ಅಂದುಕೊಳ್ಳುತ್ತೇನೆ. ಇದು ಬಾಯಿಮಾತಿಗೆ ಅಲ್ಲ, ಅಂದುಕೊಂಡರೆ ದನಿಯೇ ಬೇರೆ ಆಗುತ್ತೆ. ಪೂರ್ತಿ ಬಾಕಿ ಕೇಳಲ್ಲ, ಈ ವಾರ ಎಷ್ಟು ಆಗುತ್ತೆ ಅಂತ ಕೇಳುತ್ತೇನೆ. ಮೊದಲು ಆಡುವ ಒಂದು ಮಾತಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಲಾಕ್‌ಡೌನ್‌ನಲ್ಲಿ ಬಾಕಿ ಲಕ್ಷ ದಾಟಿತ್ತು, ಭಾವ ಆಗ ಮತ್ತೆ ಎಚ್ಚರಿಸಿದರು. ಈಗ ಇಪ್ಪತ್ತೆಂಟು ಸಾವಿರದ ಆಸುಪಾಸಿಗೆ ಇಳಿದಿದೆ. ಇಬ್ಬರು ಊರು ಬಿಟ್ಟು ಹೋದರು, ಒಂಬತ್ತು ಸಾವಿರ ಹೋಯಿತು. ಆ ಹಾಳೆಗೆ ಗೀಟು ಎಳೆದೆ. ನಮ್ಮ ಸಾಲಿನಲ್ಲಿ ಇಷ್ಟು ವಸೂಲಿ ಮಾಡಿದವರು ಬೇರೆ ಯಾರೂ ಇಲ್ಲ.

ಕೆಲಸದ ಹುಡುಗರ ವಿಷಯವೂ ಹೇಳಬೇಕು. ಮೊದಲು ಮೂರು ವರ್ಷಕ್ಕೆ ನಾಲ್ಕು ಹುಡುಗರು ಬಿಟ್ಟು ಹೋಗಿದ್ದರು. ಹೊಸಬ ಕಲಿಯುವ ಹೊತ್ತಿಗೆ ಮೂರ್ನಾಲ್ಕು ಸಾವಿರ ಲುಕ್ಸಾನು ಗ್ಯಾರಂಟಿ. ಅದರಲ್ಲಿ ಒಬ್ಬನಿಗೆ ಎಣ್ಣೆ ಪ್ಯಾಕೆಟ್ ಒಡೆದದ್ದಕ್ಕೆ ಗಿರಾಕಿಗಳ ಮುಂದೆ ಅವನ ಅಪ್ಪನ ಹೆಸರು ಎತ್ತಿ ಬೈದಿದ್ದೆ. ಹೋದ ವರ್ಷ ಅವನ ಮನೆಗೇ ಹೋಗಿ ತಪ್ಪಾಯ್ತು ಕಣಪ್ಪ ಅಂದೆ. ಅವನು "ಬಿಡಣ್ಣ, ಟೀ ಕುಡಿ" ಅಂದ. ಈಗಿರುವ ಹುಡುಗ ನಾಲ್ಕು ವರ್ಷದಿಂದ ಇದ್ದಾನೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ಒಂದು ರೂಪಾಯಿ ಚಿಲ್ಲರೆ ಬದಲು ಚಾಕಲೇಟ್ ಕೊಡುವುದನ್ನು ಬಿಟ್ಟೆ, ಚಿಲ್ಲರೆಯನ್ನೇ ಎಣಿಸಿ ಕೈಗಿಡುತ್ತೇನೆ. ಚಾಕಲೇಟಿನ ಲಾಭ ತಿಂಗಳಿಗೆ ಇನ್ನೂರು ಮುನ್ನೂರು ಹೋಯಿತು, ಅಜ್ಜಿಯರ ಜೊತೆಗಿನ ಜಗಳ ಪೂರ್ತಿ ನಿಂತಿತು. ಅಷ್ಟು ಚಿಲ್ಲರೆ ಎಲ್ಲಿಂದ ತರುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಸೌಂಡ್‌ಬಾಕ್ಸ್ ದುಡ್ಡು ಬಂತು ಅಂದಾಗೆಲ್ಲ ಭುಜ ಸಡಿಲ ಬಿಡುವುದನ್ನೂ ಅಭ್ಯಾಸ ಮಾಡಿ ನೋಡಿದೆ. ಸಂಜೆ ರಶ್ಶಿನಲ್ಲಿ ಅದು ಸಾಲುಸಾಲಾಗಿ ಕೂಗುತ್ತೆ, ಹಾಗಾಗಿ ಹತ್ತಲಿಲ್ಲ.

ಯುಗಾದಿ, ಗೌರಿ ಹಬ್ಬದ ಹಿಂದಿನ ದಿನ ನನಗೆ ಈಗಲೂ ಕಷ್ಟ. ಹೋದ ಸಲ ಎರಡು ಬಾರಿ ದನಿ ಏರಿತು.

ಹೋದ ವರ್ಷ ತಕ್ಕಡಿ ಕೆಟ್ಟು ಮೂರು ದಿನ ರಿಪೇರಿಗೆ ಹೋಗಿತ್ತು. ಅಪ್ಪನ ಕಾಲದ ಕೈತಕ್ಕಡಿ ಹಿಡಿದೆ. ಮುಳ್ಳು ನಿಲ್ಲುವುದಕ್ಕೆ ಎರಡು ಮೂರು ಉಸಿರು ಬೇಕು. ಆ ಮೂರೂ ದಿನ ಯಾರ ಮೇಲೂ ರೇಗಲಿಲ್ಲ. ಆ ಕೈತಕ್ಕಡಿಗೆ ಈಗ ತೂಕ-ಅಳತೆ ಇಲಾಖೆಯ ಮುದ್ರೆ ಹಾಕಿಸಿ ಇಟ್ಟಿದ್ದೇನೆ. ಬೆಲ್ಲ, ಹುಣಸೆಹಣ್ಣು ಕೇಳಿದವರಿಗೆಲ್ಲ ಅದರಲ್ಲೇ ತೂಗುವುದು.