ಮಹಿಷಾಸುರ ಬರುವುದು ಬೆನ್ನ ಹಿಂದಿನಿಂದ: ದೇವೀಮಹಾತ್ಮೆ ಆಟಕ್ಕೆ ಹೊರಡುವವರಿಗೆ

ರಂಗದ ಮೇಲೆ ನಿಜವಾದ ಹೆದರಿಕೆ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಕರಾವಳಿಯ ದಕ್ಷಿಣ ಭಾಗದ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ‘ದೇವೀಮಹಾತ್ಮೆ’ ಬಯಲಾಟಕ್ಕೆ ಹೋಗಬೇಕು. ಹೊಸಬರು ಬೇಗ ಬಂದು ಎದುರಿನ ಸಾಲಿನ ನಡುವಿನ ಕುರ್ಚಿ ಹಿಡಿಯುತ್ತಾರೆ. ಈ ಆಟಕ್ಕೆ ಅದು ಸರಿಯಾದ ಜಾಗವಲ್ಲ. ಮಹಿಷಾಸುರ ಗದ್ದೆಯಾಚೆಯ ಕತ್ತಲಿನಿಂದ ಹೊರಟು, ಜನರ ನಡುವೆ ದಾರಿ ಮಾಡಿಕೊಂಡು ರಂಗಸ್ಥಳಕ್ಕೆ ಬರುತ್ತಾನೆ.

ದೀಪಾವಳಿ ಕಳೆದ ಮೇಲೆ ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ತಿರುಗಾಟಕ್ಕೆ ಹೊರಡುತ್ತವೆ, ಮೇ ಕೊನೆಯ ಹೊತ್ತಿಗೆ ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಈ ಪ್ರಸಂಗ ಹೆಚ್ಚು ಸಿಗುವುದು ಕಟೀಲು ದೇವಸ್ಥಾನದ ಮೇಳಗಳ ಹರಕೆ ಆಟಗಳಲ್ಲಿ, ಅಂದರೆ ಭಕ್ತರು ಹರಕೆ ಹೊತ್ತು ಆಡಿಸುವ ಆಟಗಳಲ್ಲಿ. ಟಿಕೆಟ್ ಇಲ್ಲ, ಆಮಂತ್ರಣವೂ ಬೇಡ. ಕಟೀಲಿಗೆ ಹಲವು ಮೇಳಗಳಿದ್ದು ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ಆಡುತ್ತವೆ. ಆದ್ದರಿಂದ ಎಷ್ಟನೆಯ ಮೇಳ, ಯಾವ ಊರು, ಯಾವ ಪ್ರಸಂಗ ಎಂಬ ಮೂರನ್ನೂ ಕೇಳಿಕೊಂಡೇ ಹೊರಡಿ. ಇಡೀ ರಾತ್ರಿಯ ಆಟವೋ ಕಾಲಮಿತಿಯದೋ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಕಾಲಮಿತಿ ಆಟ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಹಳೆಯ ಲೆಕ್ಕ ನಂಬಿ ಊಟ ಮುಗಿಸಿ ನಿಧಾನಕ್ಕೆ ಹೋದವರಿಗೆ ಮಹಿಷಾಸುರ ಸಿಗುವುದೇ ಇಲ್ಲ.

ಆಟ ಶುರುವಾಗುವ ಮುಂಚೆಯೇ, ವೇಷ ಕಟ್ಟುವ ಜಾಗವಾದ ಚೌಕಿಗೆ ಹೋಗಿ. ಅಲ್ಲಿ ದೇವರನ್ನು ಇಟ್ಟು ಪೂಜೆ ಮಾಡುತ್ತಾರೆ, ಹಾಗಾಗಿ ಚಪ್ಪಲಿ ಹೊರಗೆ ಬಿಡಿ. ಕಿರೀಟಕ್ಕೆ, ಆಭರಣದ ಪೆಟ್ಟಿಗೆಗೆ ಕೈ ಹಾಕಬೇಡಿ. ರಾಕ್ಷಸ ಪಾತ್ರದ ಬಣ್ಣದ ವೇಷಧಾರಿ ಕನ್ನಡಿಯ ಮುಂದೆ ಚಿಟ್ಟಿ ಇಡುತ್ತಿದ್ದರೆ ಒಂದು ಮಾತೂ ಆಡದೆ ಪಕ್ಕಕ್ಕೆ ನಿಂತು ನೋಡಿ. ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿ ಅರೆದ ಬಿಳಿ ಹದವನ್ನು ಸಣ್ಣ ಕಡ್ಡಿಯ ತುದಿಯಲ್ಲಿ ಎತ್ತಿ ಕೆನ್ನೆಯ ಮೇಲೆ ಚುಕ್ಕೆ ಇಡುತ್ತಾರೆ. ಅದು ಆರಿದ ಮೇಲೆ ಅದರ ಮೇಲೆಯೇ ಇನ್ನೊಂದು, ಮತ್ತೊಂದು. ಚುಕ್ಕೆ ಹೀಗೆ ಬೆಳೆದು ಮುಳ್ಳಾಗುತ್ತದೆ, ಮುಳ್ಳಿನ ಸಾಲು ಮುಖದ ಅಂಚನ್ನೇ ಅಳಿಸಿಬಿಡುತ್ತದೆ. ಇದಕ್ಕೆ ಗಂಟೆಗಟ್ಟಲೆ ಬೇಕು. ನಡುವೆ ಮಾತನಾಡಿಸಿದರೆ ಕೆನ್ನೆ ಅಲುಗಿ ಹಸಿ ಚಿಟ್ಟಿ ಬಿರುಕು ಬಿಡುತ್ತದೆ, ಮತ್ತೆ ಮೊದಲಿನಿಂದ ಇಡಬೇಕು. ಹೆದರುವ ಮಕ್ಕಳಿದ್ದರೆ ಇದನ್ನು ತಪ್ಪದೆ ತೋರಿಸಿ. ಮನುಷ್ಯನ ಮುಖ ರಾಕ್ಷಸನದಾಗುವುದನ್ನು ಕಂಡ ಮಗು ಆಮೇಲೆ ಹೆದರಿದರೂ ಅಳುತ್ತ ಮನೆಗೆ ಓಡುವುದಿಲ್ಲ.

ಕೂರುವ ಜಾಗದ ವಿಷಯ. ಚೌಕಿಯಿಂದ ಹೊರಡುವಾಗಲೇ ಮಹಿಷಾಸುರ ಯಾವ ದಿಕ್ಕಿನಿಂದ ಬರುತ್ತಾನೆ, ಸುಮಾರು ಎಷ್ಟು ಗಂಟೆಗೆ ಎಂದು ಮೇಳದವರನ್ನೋ ಆಟ ಆಡಿಸುವವರನ್ನೋ ಕೇಳಿ. ಆ ದಾರಿಗೆ ಐದಾರು ಅಡಿ ಬಿಟ್ಟು, ಸಭೆಯ ನಡುಭಾಗದಲ್ಲಿ ಕೂತರೆ ಅವನು ಹೊರಡುವುದೂ ಕಾಣುತ್ತದೆ, ರಂಗಸ್ಥಳವೂ ಕಾಣುತ್ತದೆ. ದಾರಿಗೇ ಅಂಟಿಕೊಂಡು ಕೂರಬೇಡಿ. ದೊಂದಿಯ (ಪಂಜಿನ) ಉರಿಗೆ ರಾಳದ ಪುಡಿ ಎಸೆದಾಗ ಬೆಂಕಿ ಭುಗ್ಗೆಂದು ಏಳುತ್ತದೆ, ಕಿಡಿ ಹಾರುತ್ತದೆ. ನೈಲಾನ್ ಶಾಲು, ಪಾಲಿಯೆಸ್ಟರ್ ಸೀರೆ ಬೇಡ, ಹತ್ತಿ ಬಟ್ಟೆ ಸಾಕು. ಡಿಸೆಂಬರ್, ಜನವರಿಯ ಮಂಜಿಗೆ ತಲೆಗೊಂದು ಬೈರಾಸು (ಟವೆಲು), ಕೂರಲು ಚಾಪೆ ಇರಲಿ. ಚೆಂಡೆ ಯಾವ ಬದಿಗಿದೆ ನೋಡಿ ಅದರ ಎದುರು ಬದಿಗೆ ಕೂರಿ, ಅರ್ಥಗಾರಿಕೆ, ಅಂದರೆ ವೇಷಧಾರಿಗಳ ಮಾತು, ಚೆನ್ನಾಗಿ ಕೇಳುತ್ತದೆ.

ಕತೆ ಮೊದಲೇ ಗೊತ್ತಿರಬೇಕು. ಮಾರ್ಕಂಡೇಯ ಪುರಾಣದ 13 ಅಧ್ಯಾಯಗಳ ದೇವೀಮಹಾತ್ಮ್ಯವೇ ಮೂಲ. ಮಧುಕೈಟಭರು ಮೊದಲು, ಆಮೇಲೆ ಮಾಲಿನಿ ಮತ್ತು ಅವಳ ಮಗ ಮಹಿಷಾಸುರ, ಕೊನೆಗೆ ಶುಂಭ, ನಿಶುಂಭ, ಚಂಡ, ಮುಂಡ, ರಕ್ತಬೀಜ. ಮಾಲಿನಿಯ ಭಾಗಕ್ಕೆ ಚಹಾ ಕುಡಿಯಲು ಎದ್ದು ಹೋಗುವವರು ಬಹಳ. ಅಲ್ಲಿಯೇ ತಪ್ಪುವುದು. ಆ ತಾಯಿಯ ಮಾತು ಕೇಳದಿದ್ದರೆ ಮುಂದೆ ಬರುವುದು ಕೋಡು ಕಟ್ಟಿಕೊಂಡ ಒಂದು ವೇಷ ಮಾತ್ರ. ಕೇಳಿದ್ದರೆ, ಬರುವವನು ಸೇಡಿಗಾಗಿ ಹುಟ್ಟಿದ ಮಗ.

ಪ್ರವೇಶದ ಹೊತ್ತಿಗೆ ದೂರದಲ್ಲಿ ಮೊದಲು ಬೆಂಕಿ ಕಾಣುತ್ತದೆ, ಆಮೇಲೆ ಆರ್ಭಟೆ. ಚೆಂಡೆ ಏರುತ್ತದೆ. ಅವನು ಕೂಡಲೇ ಬಂದುಬಿಡುವುದಿಲ್ಲ. ನಿಲ್ಲುತ್ತಾನೆ, ತಿರುಗುತ್ತಾನೆ, ಮತ್ತೆ ಕೂಗುತ್ತಾನೆ. ಹೆದರಿಕೆ ಇರುವುದು ಈ ತಡದಲ್ಲಿಯೇ. ಮೊಬೈಲ್ ಎತ್ತಿ ಫ್ಲಾಶ್ ಹಾಕಿದರೆ ಸುತ್ತಲಿನವರ ಕತ್ತಲೆ ಹಾಳಾಗುತ್ತದೆ, ಉರಿಯ ನಡುವೆ ನಡೆಯುವ ವೇಷಧಾರಿಗೆ ಕಣ್ಣು ಕುಕ್ಕುತ್ತದೆ. ಚಿಕ್ಕ ಮಕ್ಕಳನ್ನು ಮಡಿಲಲ್ಲಿ ಹಿಡಿದುಕೊಳ್ಳಿ. ದಾರಿಗೆ ಅಡ್ಡ ಓಡಲು ಬಿಡಬೇಡಿ, ಅಷ್ಟು ಭಾರದ ವೇಷ ಕಟ್ಟಿದವರು ಥಟ್ಟನೆ ನಿಲ್ಲಲಾರರು.

ಮಹಿಷಾಸುರನ ವಧೆಯಾದ ಮೇಲೆ ಜನ ಎದ್ದು ಹೊರಡಲು ಶುರು ಮಾಡುತ್ತಾರೆ. ನೀವು ಹೊರಡಬೇಡಿ. ಎದುರಿನ ಕುರ್ಚಿಗಳು ಖಾಲಿಯಾಗುವುದು ಆಗಲೇ. ಈಗ ಮುಂದೆ ಹೋಗಿ ಕೂರಿ, ರಕ್ತಬೀಜನ ಮಾತು ಹತ್ತಿರದಿಂದ ಕೇಳಬೇಕಾದದ್ದು.