ಹಳೇ ಮನೆ ಒಡೆಯಬೇಡಿ, ಬಿಚ್ಚಿ

ಮನೆ ನವೀಕರಣ ಅಂದರೆ ಮೊದಲು ಕೈಗೆ ಬರುವುದು ದೊಡ್ಡ ಸುತ್ತಿಗೆ. ಎರಡು ದಿನ ಹೊಡೆದರೆ ಕಿಟಕಿ, ಇಟ್ಟಿಗೆ, ಮರ, ಪೈಪು ಎಲ್ಲ ಒಂದೇ ರಾಶಿ. ಬೇರೆ ಬೇರೆ ಇದ್ದಾಗ ಸಾಮಾನು, ಬೆರೆತ ಮೇಲೆ ಕಸ. ಸರ್ಕ್ಯುಲರ್ ಎಕಾನಮಿ ಅಥವಾ ಆವರ್ತ ಆರ್ಥಿಕತೆ ಎಂಬ ದೊಡ್ಡ ಮಾತು ಮನೆ ಕಟ್ಟುವವರ ಮಟ್ಟಿಗೆ ಇಷ್ಟೇ: ಒಮ್ಮೆ ತಂದ ಸಾಮಾನು ಆದಷ್ಟು ಕಾಲ, ಆದಷ್ಟೂ ಇದ್ದ ರೂಪದಲ್ಲೇ ಬಳಕೆಯಲ್ಲಿರಬೇಕು.

ಮೊದಲು: ಒಡೆಯಲೇಬೇಕಾ?

ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 8ರಷ್ಟು ಸಿಮೆಂಟ್ ತಯಾರಿಕೆಯದು. ಉರುವಲಿನ ಹೊಗೆ ಮಾತ್ರವಲ್ಲ, ಸುಣ್ಣದ ಕಲ್ಲು ಕಾದಾಗ ಆ ಕಲ್ಲಿನೊಳಗಿಂದಲೇ ಅನಿಲ ಹೊರಬರುತ್ತದೆ. ಹಾಗಾಗಿ ಗಟ್ಟಿಯಾಗಿರುವ ಪಾಯ, ಕಂಬ, ತಾರಸಿಗಳನ್ನು ಉಳಿಸಿಕೊಂಡರೆ ಅದೇ ದೊಡ್ಡ ಉಳಿತಾಯ. ಯಾವ ಗೋಡೆ ಭಾರ ಹೊತ್ತಿದೆ ಎಂದು ಎಂಜಿನಿಯರ್ ಹತ್ತಿರ ತೋರಿಸಿಕೊಳ್ಳಿ. ಇದರಲ್ಲಿ ಅಂದಾಜು ಬೇಡ.

ಆಮೇಲೆ: ಪಟ್ಟಿ ಮಾಡಿ

ಟೇಪು, ಪೆನ್ನು ಹಿಡಿದು ಒಂದೊಂದೇ ಕೋಣೆ ಸುತ್ತಿ. ಬಾಗಿಲು, ಕಿಟಕಿಗಳ ಅಳತೆ ಬರೆದುಕೊಳ್ಳಿ. ಹೊಸ ಗೋಡೆಯಲ್ಲಿ ಎಷ್ಟು ಜಾಗ ಬಿಡಬೇಕು ಎಂಬುದನ್ನು ಕೈಯಲ್ಲಿರುವ ಹಳೇ ಕಿಟಕಿ ನೋಡಿ ತೀರ್ಮಾನಿಸಿ. ನಕ್ಷೆ ಮುಗಿದ ಮೇಲೆ ನೆನಪಾದರೆ ಆ ಕಿಟಕಿ ಎಲ್ಲೂ ಕೂರುವುದಿಲ್ಲ, ಕೊನೆಗೆ ಗುಜರಿ ಸೇರುತ್ತದೆ.

ಹಳೇ ಶೀಟಿನಲ್ಲಿ ಆಸ್ಬೆಸ್ಟಾಸ್ (ಧೂಳಾಗಿ ಉಸಿರಿನೊಳಗೆ ಹೋದರೆ ಅಪಾಯ ತರುವ ಖನಿಜ ನಾರು) ಇರಬಹುದು ಅನ್ನಿಸಿದರೆ ಕೊರೆಯಬೇಡಿ, ಮುರಿಯಬೇಡಿ. ತಿಳಿದವರನ್ನು ಕರೆಸಿ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು.

ಕಟ್ಟಿದ್ದಕ್ಕೆ ಉಲ್ಟಾ

ಕೊನೆಗೆ ಸೇರಿಸಿದ್ದನ್ನು ಮೊದಲು ತೆಗೆಯಿರಿ. ಕರೆಂಟು, ನೀರು ಬಂದ್ ಮಾಡಿಸಿ ಸ್ವಿಚ್ಚು, ನಲ್ಲಿ ಬಿಚ್ಚಿ. ನಂತರ ಬಾಗಿಲು ಕಿಟಕಿ, ಚಾವಣಿ. ಗೋಡೆ ಎಲ್ಲಕ್ಕಿಂತ ಕೊನೆಗೆ. ಇದಕ್ಕೆ ದಿನ ಜಾಸ್ತಿ ಬೇಕು, ಕೂಲಿಯೂ ಜಾಸ್ತಿ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರವಂತೂ 1916 ಅಥವಾ ಅದಕ್ಕೂ ಹಿಂದೆ ಕಟ್ಟಿದ ಮನೆಗಳನ್ನು ಯಂತ್ರದಿಂದ ಕೆಡವುವಂತಿಲ್ಲ, ಬಿಚ್ಚಿಯೇ ತೆಗೆಯಬೇಕು ಎಂದು 2016ರಲ್ಲಿ ನಿಯಮವನ್ನೇ ತಂದಿತು.

ಇಟ್ಟಿಗೆ ಉಳಿಯುತ್ತದೋ ಇಲ್ಲವೋ ಎಂಬುದು ಅದನ್ನು ಯಾವುದರಲ್ಲಿ ಕಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಉಳಿಯಿಂದ ಮೆಲ್ಲಗೆ ತಟ್ಟಿದರೆ ಗಾರೆ ಉದುರಿ ಇಟ್ಟಿಗೆ ಇಡಿಯಾಗಿ ಬರುತ್ತದೆ. ಸಿಮೆಂಟು ಗಟ್ಟಿ. ಅಲ್ಲಿ ಬಿಡಿಸಲು ಹೋದರೆ ಮೊದಲು ಒಡೆಯುವುದು ಇಟ್ಟಿಗೆಯೇ. ಮೊದಲು ಹತ್ತು ಇಟ್ಟಿಗೆ ಬಿಡಿಸಿ ನೋಡಿ. ಏಳೆಂಟು ಒಡೆದರೆ ಹಟ ಬೇಡ. ಪುಡಿ ಮಾಡಿಸಿ ನೆಲದ ಕೆಳಗೆ ತುಂಬಲು ಇಟ್ಟುಕೊಳ್ಳಿ. ಚೆನ್ನಾಗಿ ಬಂದ ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸಿ. ಟಣ್ ಅಂದರೆ ಒಳ್ಳೆಯದು, ಸದ್ದು ಮಂಕಾಗಿದ್ದರೆ ಬಿರುಕು ಇರಬಹುದು.

ತೊಲೆ, ಜಂತೆಗಳ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗೋಡೆಯೊಳಗೆ ಹುದುಗಿದ್ದ ಭಾಗಕ್ಕೇ ಗೆದ್ದಲು, ತೇವ ಮೊದಲು ತಗಲುವುದು. ಕೆಟ್ಟ ತುದಿ ಕತ್ತರಿಸಿದರೆ ಉಳಿದದ್ದು ಬಾಗಿಲಿಗೋ ಕಪಾಟಿಗೋ ಆಗುತ್ತದೆ. ಗರಗಸ ಹಾಕುವ ಮುಂಚೆ ಎಲ್ಲ ಮೊಳೆ ಕೀಳಿಸಿ. ಒಂದೇ ಒಂದು ಉಳಿದರೂ ಬಡಗಿಯ ಬೈಗುಳ ಖಾತ್ರಿ.

ಎಲ್ಲ ಹಳೆಯದೂ ಚಿನ್ನವೇನಲ್ಲ. ಕಾಂಕ್ರೀಟಿನಿಂದ ಎಳೆದು ತೆಗೆದ, ಬಾಗಿಸಿ ನೇರ ಮಾಡಿದ ಸರಳನ್ನು ಮತ್ತೆ ಕಂಬಕ್ಕೆ ಹಾಕಬೇಡಿ. ಕರಗಿಸಲು ಕೊಡಿ. ಹಳೇ ವೈರು ಕೂಡ ಬೇಡ, ಅದರ ತಾಮ್ರಕ್ಕೆ ಬೆಲೆ ಇದೆ. ಅಲ್ಯೂಮಿನಿಯಂ ಚೂರನ್ನೂ ಬಿಸಾಡಬೇಡಿ. ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾದ ಶಕ್ತಿಯ ಶೇ 5ರಷ್ಟರಲ್ಲೇ ಹಳೆಯದನ್ನು ಕರಗಿಸಿ ಬಳಸಬಹುದು.

ಬಿಚ್ಚಿದ್ದನ್ನು ಸುಮ್ನೆ ಅಂಗಳದಲ್ಲಿ ಬಿಟ್ಟರೆ ಒಂದು ಮಳೆಗೆ ಶ್ರಮವೆಲ್ಲ ನೀರುಪಾಲು. ಮರವನ್ನು ನೆಲದಿಂದ ಎತ್ತರಿಸಿ, ನಡುವೆ ಗಾಳಿಯಾಡುವಂತೆ ಪಟ್ಟಿ ಕೊಟ್ಟು ಜೋಡಿಸಿ. ಗಾಜು ಮಲಗಿಸಬಾರದು, ನಿಲ್ಲಿಸಬೇಕು. ಕೀಲು, ಚಿಲಕ, ಸ್ಕ್ರೂಗಳನ್ನು ಚೀಲಕ್ಕೆ ಹಾಕಿ ಆಯಾ ಬಾಗಿಲಿಗೇ ಕಟ್ಟಿ.

ಹೊಸದನ್ನು ಕಟ್ಟುವಾಗ

ಲಂಡನ್ನಿನ ಹೈಡ್ ಪಾರ್ಕಿನಲ್ಲಿ 1851ರಲ್ಲಿ ಒಂದು ದೊಡ್ಡ ಪ್ರದರ್ಶನಕ್ಕಾಗಿ ಕಬ್ಬಿಣ, ಗಾಜಿನ ಕ್ರಿಸ್ಟಲ್ ಪ್ಯಾಲೇಸ್ ಎದ್ದಿತು. ಪ್ರದರ್ಶನ ಮುಗಿದ ಮೇಲೆ ಅಷ್ಟು ದೊಡ್ಡ ಕಟ್ಟಡವನ್ನು ಬಿಚ್ಚಿ ಸಿಡನ್‌ಹ್ಯಾಮ್ ಎಂಬ ಇನ್ನೊಂದು ಜಾಗಕ್ಕೆ ಸಾಗಿಸಿದರು. ಅಲ್ಲಿ ಇನ್ನೂ ದೊಡ್ಡದಾಗಿ ಕಟ್ಟಿ 1854ರಲ್ಲಿ ತೆರೆದರು. ಒಂದೇ ಅಳತೆಯ ತುಂಡುಗಳನ್ನು ಜೋಡಿಸಿ ಕಟ್ಟಿದ್ದರಿಂದ ಇದು ಆಯಿತು.

ನಮ್ಮ ಮನೆಗೂ ಲೆಕ್ಕ ಇದೇ. ಅಂಟು ಬಳಿಯುವ ಕಡೆ ಸ್ಕ್ರೂ, ಬೆಸುಗೆ ಹಾಕುವ ಕಡೆ ಬೋಲ್ಟು ಸಾಕಾ ಎಂದು ಮೇಸ್ತ್ರಿಯನ್ನು ಕೇಳಿ. ಕಂಬಗಳು ನೂರು ವರ್ಷ ಬಾಳಬಹುದು, ನಲ್ಲಿ ಪೈಪು ಅಷ್ಟು ಬಾಳುವುದಿಲ್ಲ. ಪೈಪನ್ನು ಕಾಂಕ್ರೀಟಿನೊಳಗೆ ಹೂತರೆ ಅದು ಸೋರಿದ ದಿನ ಗಟ್ಟಿ ಕಾಂಕ್ರೀಟೂ ಒಡೆಯಬೇಕು. ಅದಕ್ಕೆ ಮುಚ್ಚಳ ತೆಗೆದು ನೋಡುವಂಥ ದಾರಿ ಬಿಡಿಸಿ.

ಗೋಡೆಗೆ ಪ್ಲಾಸ್ಟರ್ ಬೀಳುವ ಹಿಂದಿನ ದಿನ ಪೈಪು, ವೈರು ಹೋದ ಜಾಗದಲ್ಲಿ ಟೇಪು ಹಿಡಿದು, ಅಳತೆ ಕಾಣುವಂತೆ ಫೋಟೊ ತೆಗೆಯಿರಿ. ಪ್ರಿಂಟ್ ಹಾಕಿಸಿ ಮನೆಯ ಪತ್ರಗಳ ಜೊತೆಗಿಡಿ. ಇಪ್ಪತ್ತು ವರ್ಷದ ನಂತರ ಗೋಡೆ ಬಿಚ್ಚಲು ಬರುವ ಮೇಸ್ತ್ರಿ ಅದನ್ನೇ ಮೊದಲು ಕೇಳುತ್ತಾನೆ.